ಮನೆತನದ ಇತಿಹಾಸ ಮತ್ತು ಕಾಗದಪತ್ರಗಳ ಕ್ರಮಾಂಕನ

ನಾಡಿನ ಚರಿತ್ರೆಯು ಅರಸರ ಶಾಸನಗಳಿಂದಲೂ ಕವಿಗಳ ಕಾವ್ಯಗಳಿಂದಲೂ ಮಾತ್ರ ಸಿದ್ಧವಾಗುವಂಥದಲ್ಲ. ಊರಿನ ಗೌಡರು, ಶಾನುಭೋಗರು, ದೇಸಾಯಿಗಳು, ವರ್ತಕರು, ಒಕ್ಕಲಿಗರು, ಮಠದ ಶಿಷ್ಯರು ಇವರ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಕಾಗದಪತ್ರಗಳೂ ಅದಕ್ಕೆ ಆಧಾರವಾಗುತ್ತವೆ. ಸನದು, ನಿರೂಪ, ಕ್ರಯಪತ್ರ, ಭೋಗ್ಯಪತ್ರ, ವಾಟಣಿಪತ್ರ, ದತ್ತಕಪತ್ರ, ಕೀರ್ದಿ, ಖತಾವಣಿ, ಜಾತಕ, ಲಗ್ನಪತ್ರಿಕೆ, ಮಠಕ್ಕೆ ಬರೆದ ಬಿನ್ನವತ್ತಳೆ, ಇವೆಲ್ಲವೂ ಒಂದು ಮನೆತನದ ಬಾಳನ್ನು ಅದರ ಕಾಲದ ಮಾತಿನಲ್ಲಿಯೇ ಹೇಳಬಲ್ಲವು. ಆದರೆ ಇವು ಹೇಳಬೇಕಾದರೆ ಕೇಳುವವನಿಗೆ ಸಿಕ್ಕಬೇಕು; ಸಿಕ್ಕಬೇಕಾದರೆ ಒಂದು ಕ್ರಮದಲ್ಲಿ ಇರಬೇಕು. ಹಳೆಯ ಮನೆಗಳು ಕಳಚಿ ಹೊಸ ಮನೆಗಳು ಏಳುತ್ತಿರುವ ಈ ಕಾಲದಲ್ಲಿ ಅಟ್ಟದ ಮೇಲಿನ ಗಂಟು ರದ್ದಿಯ ಅಂಗಡಿಗೆ ಹೋಗುವುದಕ್ಕೂ ಇತಿಹಾಸದ ಸಾಮಗ್ರಿಯಾಗಿ ಉಳಿಯುವುದಕ್ಕೂ ಇರುವ ಅಂತರ ಬಹಳ ಕಡಮೆ. ಅನೇಕ ಸಂದರ್ಭಗಳಲ್ಲಿ ಆ ಅಂತರವೆಂದರೆ ಒಂದು ಸಂಖ್ಯೆ ಮತ್ತು ಆ ಸಂಖ್ಯೆಯನ್ನು ಬರೆದಿಟ್ಟ ಒಂದು ವಹಿ, ಅಷ್ಟೇ.

ವಂಶವನ್ನು ಎಣಿಸುವ ಕ್ರಮ, ಪತ್ರಗಳನ್ನು ಎಣಿಸುವ ಕ್ರಮ ಇವೆರಡಕ್ಕೂ ದೀರ್ಘವಾದ ಚರಿತ್ರೆಯಿದೆ. ಕನ್ನಡನಾಡಿನಲ್ಲಿ ಅದು ಹೇಗೆ ಬೆಳೆಯಿತು, ಹೊರನಾಡುಗಳಲ್ಲಿ ಯಾವ ರೂಪ ತಾಳಿತು, ಇಂದಿನ ಸಂಗ್ರಾಹಕನಿಗೆ ಅದರಿಂದ ದೊರೆಯುವ ಪಾಠವೇನು ಎಂಬುದು ವಿಚಾರಾರ್ಹವಾಗಿದೆ.

ಅರಸರ ಎಣಿಕೆ

ವಂಶಾವಳಿಯನ್ನು ಬರೆದಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ತಾಮ್ರಶಾಸನಗಳ ಆರಂಭದಲ್ಲಿ ಬರುವ ವಂಶಪ್ರಶಸ್ತಿಗಳು ಇದಕ್ಕೆ ಸಾಕ್ಷಿ. ಕ್ರಿ. ಶ. 634ರ ಸುಮಾರಿಗೆ ರವಿಕೀರ್ತಿ ರಚಿಸಿದ ಐಹೊಳೆಯ ಶಾಸನದಲ್ಲಿ ಬಾದಾಮಿ ಚಾಲುಕ್ಯರ ಪರಂಪರೆ ಜಯಸಿಂಹ, ರಣರಾಗ, ಪುಲಕೇಶಿ, ಕೀರ್ತಿವರ್ಮ, ಮಂಗಲೇಶ, ಮತ್ತೆ ಪುಲಕೇಶಿ ಎಂಬ ಕ್ರಮದಲ್ಲಿ ಬರುತ್ತದೆ. ಈ ಪಟ್ಟಿಯಲ್ಲಿ ಕಡೆಯ ಪುಲಕೇಶಿ ಆರನೆಯವನು. ಆದರೆ ತಲೆಮಾರಿನ ಲೆಕ್ಕದಲ್ಲಿ ಅವನು ಐದನೆಯವನು. ಏಕೆಂದರೆ ಮಂಗಲೇಶನು ಕೀರ್ತಿವರ್ಮನ ತಮ್ಮ, ಇಮ್ಮಡಿ ಪುಲಕೇಶಿಗೆ ಚಿಕ್ಕಪ್ಪ. ಪಟ್ಟದ ಕ್ರಮ ಒಂದು, ಪೀಳಿಗೆಯ ಕ್ರಮ ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿ ಪ್ರತಿ ಹೆಸರಿಗೂ ಇಪ್ಪತ್ತೈದು ವರ್ಷಗಳನ್ನು ಹಾಕುತ್ತ ಹೋದರೆ ಕಾಲಗಣನೆಯೇ ಕೆಡುತ್ತದೆ. ಮನೆತನದ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಗೌಡಿಕೆ ಮಾಡಿದವರ ಪಟ್ಟಿಯನ್ನು ತಂದೆ-ಮಕ್ಕಳ ಪಟ್ಟಿಯೆಂದು ಅವರು ತಿಳಿಯುತ್ತಾರೆ.

ಇದೇ ವಂಶದಲ್ಲಿ ಇನ್ನೊಂದು ತೊಡಕೂ ಕಾಣುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇಂದಿಗೂ ಉಳಿದಿರುವ ಸಂಪ್ರದಾಯ. ಪುಲಕೇಶಿಯ ಮೊಮ್ಮಗನೂ ಪುಲಕೇಶಿಯೇ. ಹೀಗೆ ಮರುಕಳಿಸುವ ಹೆಸರುಗಳನ್ನು ಬೇರ್ಪಡಿಸುವುದಕ್ಕಾಗಿಯೇ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ವಿಶೇಷಣಗಳು ರೂಢಿಗೆ ಬಂದವು. ವ್ಯಕ್ತಿಗೆ ಸಂಖ್ಯೆ ಕೊಡುವ ಕ್ರಮಕ್ಕೆ ಕನ್ನಡವು ಕಂಡುಕೊಂಡ ಮಾತುಗಳು ಇವು. ಮೂರು ತಲೆಮಾರುಗಳಲ್ಲಿ ಒಂದೇ ಹೆಸರು ಎರಡು ಸಲ ಬರುವ ಯಾವ ಮನೆತನದಲ್ಲಿಯೂ ಹೆಸರೊಂದನ್ನೇ ನಂಬಿ ಪತ್ರಗಳನ್ನು ವಿಂಗಡಿಸಿದರೆ ಅಜ್ಜನ ಸಾಲ ಮೊಮ್ಮಗನ ತಲೆಗೆ ಬರುತ್ತದೆ!

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಈ ಆಸಕ್ತಿ ಚಿತ್ರದ ರೂಪವನ್ನೂ ತಾಳಿತು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಒಡೆಯರ ವಂಶವನ್ನು ತಾವರೆಯ ಆಕಾರದಲ್ಲಿ ನಿರೂಪಿಸುವ ‘ಸಂತಾನಾಂಬುಜ’ವಿದೆ. ಪಾಶ್ಚಾತ್ಯರು ವಂಶವನ್ನು ಮರಕ್ಕೆ ಹೋಲಿಸಿದರೆ ಇಲ್ಲಿಯವರು ಹೂವಿಗೆ ಹೋಲಿಸಿದರು. ಮರವಾಗಲಿ ತಾವರೆಯಾಗಲಿ, ನೋಡುವವನಿಗೆ ಒಂದೇ ನೋಟದಲ್ಲಿ ಸಂಬಂಧ ತಿಳಿಯುವಂತೆ ಮಾಡುವುದೇ ಉದ್ದೇಶ.

ಗುರುಪರಂಪರೆಯ ಎಣಿಕೆ ಇದಕ್ಕಿಂತ ಸರಳ. ಶೂನ್ಯಸಿಂಹಾಸನದ ಸಂಪ್ರದಾಯದಲ್ಲಿ ಅಲ್ಲಮಪ್ರಭು ಮೊದಲನೆಯವರು, ಚನ್ನಬಸವಣ್ಣನವರು ಎರಡನೆಯವರು, ಸಿದ್ಧರಾಮರು ಮೂರನೆಯವರು ಎಂಬ ಎಣಿಕೆ ಪ್ರಸಿದ್ಧವಾಗಿದೆ. ಒಂದು ಪೀಠಕ್ಕೆ ಒಂದು ಕಾಲದಲ್ಲಿ ಒಬ್ಬರೇ ಅಧಿಪತಿಗಳಾದುದರಿಂದ ಒಂದು, ಎರಡು, ಮೂರು ಎಂಬ ನೇರವಾದ ಅಂಕಿಗಳೇ ಸಾಕು. ಮನೆತನವಾದರೋ ಪ್ರತಿ ತಲೆಮಾರಿನಲ್ಲಿಯೂ ಕವಲೊಡೆಯುತ್ತದೆ. ಆದಕಾರಣ ಅದಕ್ಕೆ ಬೇರೆ ಬಗೆಯ ಅಂಕನ ಬೇಕಾಗುತ್ತದೆ.

ಹೆಳವರು: ನಡೆದಾಡುವ ದಫ್ತರ

ಅರಸರಿಗೆ ಶಾಸನಗಳಿದ್ದವು, ಸಾಮಾನ್ಯ ಒಕ್ಕಲು ಮನೆತನಗಳಿಗೆ ಹೆಳವರಿದ್ದರು. ‘ಹೆಳವ’ ಎಂದರೆ ಕುಂಟ ಎಂದು ಅರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಹೇಳುವುದು ಇವರ ವೃತ್ತಿ. ಮದ್ರಾಸಿನ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿಯೂ ಇವರನ್ನು ಊರಿನ ಇತಿಹಾಸವನ್ನು ಕಾಪಾಡುವವರೆಂದು ಗುರುತಿಸಲಾಗಿದೆ. ತಮ್ಮ ಕಾಯಕವು ಬಸವಣ್ಣನವರ ಕಾಲದಿಂದ ಬಂದುದೆಂಬ ಐತಿಹ್ಯ ಹೆಳವರಲ್ಲಿದೆ. ಅದರ ಚಾರಿತ್ರಿಕತೆಯನ್ನು ಸಿದ್ಧಪಡಿಸುವ ಸಮಕಾಲೀನ ಆಧಾರವಿಲ್ಲವಾದರೂ, ವಂಶ ಹೇಳುವುದನ್ನು ಭಿಕ್ಷೆಯೆಂದು ತಿಳಿಯದೆ ಕಾಯಕವೆಂದು ಅವರು ಭಾವಿಸಿಕೊಂಡಿರುವುದು ಗಮನಾರ್ಹ.

ಹೆಳವರ ಕ್ರಮದಲ್ಲಿ ಇಂದಿನ ಸಂಶೋಧಕನು ಕಲಿಯಬೇಕಾದ ಮೂರು ಅಂಶಗಳಿವೆ. ಮೊದಲನೆಯದಾಗಿ, ಅವರು ಒಕ್ಕಲುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿರುತ್ತಾರೆ. ಒಂದು ಮನೆತನದ ವೃತ್ತಾಂತಕ್ಕೆ ಒಂದು ಹೆಳವ ಕುಟುಂಬವೇ ಹೊಣೆ. ಎರಡನೆಯದಾಗಿ, ಅವರ ಹೇಳಿಕೆ ಪ್ರತಿ ಮನೆತನಕ್ಕೂ ಒಂದೇ ಚೌಕಟ್ಟಿನಲ್ಲಿ ಸಾಗುತ್ತದೆ: ಮೂಲಸ್ಥಳ, ಅಲ್ಲಿಂದ ವಲಸೆ ಬಂದ ಕಾರಣ, ಬೆಡಗು, ಮನೆದೇವರು, ಮೂಲಪುರುಷ, ಆತನ ಮಕ್ಕಳು, ಅವರ ಕವಲುಗಳು. ಮೂರನೆಯದಾಗಿ, ಅವರು ಮತ್ತೆ ಬಂದಾಗ ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಮನೆತನ ಬೆಳೆದಂತೆ ದಾಖಲೆಯೂ ಬೆಳೆಯುತ್ತದೆ. ಬಾಯಿಪಾಠವಾಗಿದ್ದುದು ಕ್ರಮೇಣ ಬರಹಕ್ಕೆ ಇಳಿದು, ಇಂದು ಅನೇಕ ಹೆಳವ ಕುಟುಂಬಗಳ ಬಳಿ ಕಾಗದದ ಪುಸ್ತಕಗಳಿವೆ. ಹೆಳವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವುದರಿಂದ ಈ ಪುಸ್ತಕಗಳನ್ನು ಓದಿ ಹೇಳುವವರ ಸಂಖ್ಯೆ ಕಡಮೆಯಾಗುತ್ತಿದೆ. ಪುಸ್ತಕ ಉಳಿದು ಅದರ ಕ್ರಮವನ್ನು ಬಲ್ಲವರು ಇಲ್ಲವಾದರೆ ಅದು ಕೀಲಿಕೈ ಕಳೆದ ಪೆಟ್ಟಿಗೆಯಾಗುತ್ತದೆ.

ಪತ್ರವಿಲ್ಲದವನ ಹಕ್ಕು

ಮನೆಯ ಪತ್ರಗಳನ್ನು ಕಾಪಾಡುವುದು ಕೇವಲ ಅಭಿಮಾನದ ವಿಷಯವಲ್ಲವೆಂಬುದನ್ನು ಹತ್ತೊಂಬತ್ತನೆಯ ಶತಮಾನವು ಕನ್ನಡಿಗರಿಗೆ ಕಟುವಾಗಿ ಕಲಿಸಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕ ನಡೆದುದು ನಿಜವೇ, ನಡೆದುದು ಯಾವಾಗ, ಪತ್ರಕ್ಕೆ ಹಾಕಿದ ಸಹಿ ಸಾಚಾ ಆದುದೇ ಎಂಬ ಪ್ರಶ್ನೆಗಳ ಸುತ್ತ ಒಂದು ಸಂಸ್ಥಾನದ ಭವಿಷ್ಯ ತೂಗಾಡಿತು. ಅದರ ಪರಿಣಾಮವಾಗಿ ಚೆನ್ನಮ್ಮನು ಹೋರಾಡಿದುದು, ಅದೇ ವರ್ಷ ಅಕ್ಟೋಬರ್ 23ರಂದು ಥ್ಯಾಕರೆ ಹತನಾದುದು ಎಲ್ಲರಿಗೂ ತಿಳಿದ ಸಂಗತಿ. ಪರರಾಜ್ಯವನ್ನು ನುಂಗುವ ಮನಸ್ಸುಳ್ಳವನಿಗೆ ಎಂಥ ಪತ್ರವೂ ಸಾಲದು ಎಂಬುದು ನಿಜ. ಆದರೂ ಅವನು ಹಿಡಿದ ನೆಪ ಪತ್ರದ್ದೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

ಮುಂದೆ ಮುಂಬಯಿ ಇಲಾಖೆಯಲ್ಲಿ 1852ರ ಹನ್ನೊಂದನೆಯ ಕಾಯಿದೆಯ ಮೇರೆಗೆ ಇನಾಂ ಕಮಿಷನ್ನಿನ ವಿಚಾರಣೆಗಳು ನಡೆದವು. ಇನಾಂ ಭೂಮಿಯನ್ನು ಅನುಭವಿಸುತ್ತಿದ್ದ ಮನೆತನಗಳು ತಮ್ಮ ಹಕ್ಕಿನ ಮೂಲವನ್ನೂ ಆ ಹಕ್ಕು ತಮ್ಮವರೆಗೆ ಇಳಿದುಬಂದ ವಂಶಕ್ರಮವನ್ನೂ ಪತ್ರಗಳಿಂದ ತೋರಿಸಬೇಕಾಯಿತು. ಆದಿಲಶಾಹಿ, ಪೇಶವೆ, ಸವಣೂರು ನವಾಬರು ಮೊದಲಾದ ಹಲವು ಆಳ್ವಿಕೆಗಳನ್ನು ಕಂಡ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಶತಮಾನದ ಹಿಂದಿನ ಸನದನ್ನು ಹುಡುಕಿ ತೆಗೆಯುವುದು ಸುಲಭವಾಗಿರಲಿಲ್ಲ. ಪತ್ರ ಸಿಕ್ಕಿದವರು ಉಳಿದುಕೊಂಡರು. ಸಿಕ್ಕದವರು ತೆರಿಗೆಗೆ ಒಳಗಾದರು, ಇಲ್ಲವೆ ಭೂಮಿಯನ್ನು ಕಳೆದುಕೊಂಡರು. ದಕ್ಷಿಣ ಮರಾಠಾ ಪ್ರಾಂತದಲ್ಲಿ ಹಬ್ಬಿದ ಅಸಮಾಧಾನಕ್ಕೆ ಇದೂ ಒಂದು ಕಾರಣವಾಯಿತು. 1858ರಲ್ಲಿ ಬಂಡೆದ್ದ ನರಗುಂದದ ಬಾಬಾಸಾಹೇಬನಿಗೂ ದತ್ತಕಕ್ಕೆ ಅನುಮತಿ ಸಿಕ್ಕಿರಲಿಲ್ಲ. 1874ರ ಮುಂಬಯಿ ವತನ ಕಾಯಿದೆಯು ಗೌಡಿಕೆ, ಕುಲಕರ್ಣಿಕೆಗಳ ಹಕ್ಕುದಾರರನ್ನು ಪಟ್ಟಿಮಾಡಿದಾಗ ವಂಶಾವಳಿಯು ಮತ್ತೊಮ್ಮೆ ಕಚೇರಿಯ ದಾಖಲೆಯಾಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದು ಸಿಗುವ ವಂಶವೃಕ್ಷಗಳಲ್ಲಿ ಕೆಲವು ಕುಲಾಭಿಮಾನದಿಂದ ಬರೆದವಲ್ಲ, ಇಂಥ ವಿಚಾರಣೆಗಳಿಗಾಗಿ ಬರೆದವು. ಅವುಗಳನ್ನು ಬಳಸುವಾಗ ಈ ಸಂಗತಿಯನ್ನು ನೆನಪಿಡಬೇಕು. ಹಕ್ಕಿಗಾಗಿ ಬರೆದ ವಂಶಾವಳಿಯಲ್ಲಿ ಹಕ್ಕಿಲ್ಲದವರ ಹೆಸರು ಬಿಟ್ಟುಹೋಗಿರುವ ಸಂಭವ ಹೆಚ್ಚು. ಮುಖ್ಯವಾಗಿ ಹೆಣ್ಣುಮಕ್ಕಳ ಹೆಸರು.

ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಹಕ್ಕು ಹೋದ ಮೇಲೆ ಹಕ್ಕಿನ ಪತ್ರವನ್ನು ಯಾರು ಕೇಳುವರು? ಮನೆಯಲ್ಲಿ ಉಳಿದ ದಫ್ತರಗಳು ಬಿಸಿನೀರಿನ ಒಲೆಗೂ ಗೆದ್ದಲಿಗೂ ಆಹುತಿಯಾಗುವ ಕಾಲ ಬಂದುದು ಆಗ. ವ್ಯವಹಾರಕ್ಕೆ ಬೇಡವಾದ ಆ ಗಳಿಗೆಯಿಂದಲೇ ಅವು ಇತಿಹಾಸಕ್ಕೆ ಬೇಕಾದವು ಎಂಬುದನ್ನು ತಿಳಿದವರು ಕೆಲವರೇ.

ಸಂಗ್ರಾಹಕರ ದಾರಿ

ಮನೆಮನೆಯ ವೃತ್ತಾಂತವನ್ನು ವ್ಯವಸ್ಥಿತವಾಗಿ ಕೂಡಿಹಾಕುವ ದೊಡ್ಡ ಪ್ರಯತ್ನ 1799ರ ತರುವಾಯ ಮೈಸೂರು ಸೀಮೆಯ ಭೂಮಾಪನಕ್ಕೆ ಬಂದ ಕಾಲಿನ್ ಮೆಕೆಂಜಿಯಿಂದ ನಡೆಯಿತು. ಅವನ ಸಹಾಯಕರಾದ ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದವರು ಊರೂರಿನಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಪಾಳೆಯಗಾರರ, ದೇಗುಲಗಳ, ಮಠಗಳ ವೃತ್ತಾಂತಗಳಿವೆ. ಮೆಕೆಂಜಿ 1821ರಲ್ಲಿ ತೀರಿಕೊಂಡನು. ಆ ರಾಶಿ ಬಳಕೆಗೆ ಬಂದುದು 1828ರಲ್ಲಿ ಎಚ್. ಎಚ್. ವಿಲ್ಸನ್ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದ ಮೇಲೆ. ಸಂಗ್ರಹಿಸಿದವನ ಶ್ರಮಕ್ಕೆ ಸೂಚಿ ಬರೆದವನ ಶ್ರಮ ಸೇರಿದಾಗ ಮಾತ್ರ ಫಲ ದೊರೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ವಚನಗಳ ಓಲೆಗಟ್ಟುಗಳಿಗಾಗಿ ಮನೆಮನೆ ಅಲೆದುದು ಕನ್ನಡಿಗರಿಗೆಲ್ಲ ತಿಳಿದಿದೆ. ಓಲೆಯ ಪ್ರತಿಗಳನ್ನು ಬರೆದ ಪ್ರಾಚೀನರು ಪ್ರತಿ ಗರಿಗೂ ಅಂಕಿ ಹಾಕಿ, ರಂಧ್ರದಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುತ್ತಿದ್ದರು. ದಾರ ಹರಿದು ಗರಿಗಳು ಚದರಿದರೂ ಅಂಕಿಯ ಬಲದಿಂದ ಮತ್ತೆ ಜೋಡಿಸಲು ಸಾಧ್ಯವಾಗುತ್ತಿತ್ತು. ಯಾವ ಗರಿ ಕಳೆದಿದೆ ಎಂಬುದೂ ತಿಳಿಯುತ್ತಿತ್ತು. ಪ್ರತಿಯ ಕೊನೆಯಲ್ಲಿ ಬರೆದವರ ಹೆಸರು, ಬರೆಯಿಸಿದವರ ಹೆಸರು, ಸಂವತ್ಸರ, ಮಾಸ, ತಿಥಿಗಳು ಇರುತ್ತಿದ್ದವು. ಆ ಕೆಲವು ಸಾಲುಗಳೇ ಅನೇಕ ಮನೆತನಗಳ ಚರಿತ್ರೆಗೆ ಏಕಮಾತ್ರ ಲಿಖಿತ ಆಧಾರ. ವರ್ತಕರು ಬಳಸಿದ ಕಡತಗಳ ರೀತಿ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಕಚೇರಿಯ ಕಾಗದದ ಕಟ್ಟಿಗೂ ‘ಕಡತ’ವೆಂಬ ಹೆಸರೇ ನಿಂತುದು ಇದರಿಂದ. ಪೇಶವೆಯರ ಆಡಳಿತದಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಗಂಟುಕಟ್ಟುತ್ತಿದ್ದರು. ಆ ಗಂಟಿಗೆ ‘ರುಮಾಲು’ ಎಂದು ಹೆಸರು. ಪುಣೆಯ ಪೇಶವೆ ದಫ್ತರವು ಇಂದಿಗೂ ರುಮಾಲುಗಳ ಲೆಕ್ಕದಲ್ಲಿಯೇ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮೋಡಿ ಲಿಪಿಯ ಪತ್ರಗಳು ಹೇರಳವಾಗಿರುವುದಕ್ಕೂ ಆ ಆಡಳಿತವೇ ಮುಖ್ಯ ಕಾರಣ.

ಪುನರಂಕನದ ಪಾಠ

ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಶಾಸನಗಳ ಪ್ರಕಟಣೆಯಲ್ಲಿ ಉತ್ತಮ ನಿದರ್ಶನವಿದೆ. ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ತಾಲ್ಲೂಕಿನ ಹೆಸರಿನ ಸಂಕ್ಷೇಪದ ಮುಂದೆ ಕ್ರಮಸಂಖ್ಯೆ ಕೊಟ್ಟನು. ಶಾಸನ ಎಲ್ಲಿಯದು, ಎಷ್ಟನೆಯದು ಎಂಬುದು ಎರಡೇ ಗುರುತುಗಳಿಂದ ತಿಳಿಯುತ್ತದೆ. ಈ ಸರಳತೆಯಿಂದಲೇ ಆ ಪದ್ಧತಿ ಒಂದು ಶತಮಾನಕ್ಕೂ ಮಿಕ್ಕಿ ಬಾಳಿತು. ಆದರೆ ಶ್ರವಣಬೆಳಗೊಳದ ಸಂಪುಟವನ್ನು ನೋಡಬಹುದು. 1889ರಲ್ಲಿ ರೈಸ್ ಪ್ರಕಟಿಸಿದಾಗ ಅಲ್ಲಿಯ ಶಾಸನಗಳು 144, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿ ಬಂದಾಗ 573. ಹೊಸ ಶಾಸನಗಳು ಸೇರಿದಂತೆ ಸಂಖ್ಯೆಗಳೂ ಬದಲಾದವು. ಹೀಗಾಗಿ ಹಳೆಯ ಗ್ರಂಥಗಳಲ್ಲಿ ಉಲ್ಲೇಖಿತವಾದ ಶಾಸನವನ್ನು ಹೊಸ ಆವೃತ್ತಿಯಲ್ಲಿ ಹುಡುಕುವ ವಿದ್ಯಾರ್ಥಿಗೆ ಹಳೆಯ-ಹೊಸ ಸಂಖ್ಯೆಗಳ ತಾಳೆಪಟ್ಟಿ ಅನಿವಾರ್ಯ. ವಿದ್ವಾಂಸರ ಮಂಡಲಿಯ ಮೇಲ್ವಿಚಾರಣೆಯಿರುವಲ್ಲಿ ತಾಳೆಪಟ್ಟಿ ಸಿದ್ಧವಾಗುತ್ತದೆ. ಒಬ್ಬನೇ ಕುಳಿತು ಮನೆಯ ಪತ್ರಗಳನ್ನು ಜೋಡಿಸುವಲ್ಲಿ ಅದು ಸಿದ್ಧವಾಗುವುದಿಲ್ಲ. ಆದ್ದರಿಂದ ಮನೆತನದ ಪತ್ರಕ್ಕೆ ಒಮ್ಮೆ ಕೊಟ್ಟ ಸಂಖ್ಯೆಯನ್ನು ಎಂದಿಗೂ ಬದಲಿಸಬಾರದು ಎಂಬುದು ಮೊದಲನೆಯ ನಿಯಮ.

ಎರಡನೆಯ ನಿಯಮವನ್ನು ಯುರೋಪಿನ ದಫ್ತರಖಾನೆಗಳು ಕಲಿಸಿದವು. ಫ್ರಾನ್ಸಿನಲ್ಲಿ 1841ರ ಸರಕಾರಿ ಸುತ್ತೋಲೆಯೊಂದು, ಒಂದು ಸಂಸ್ಥೆಯಿಂದ ಅಥವಾ ಒಂದು ಮನೆತನದಿಂದ ಬಂದ ಪತ್ರಗಳನ್ನು ಬೇರೆ ಪತ್ರಗಳೊಡನೆ ಬೆರಸದೆ ಒಟ್ಟಾಗಿಯೇ ಇಡಬೇಕೆಂದು ವಿಧಿಸಿತು. 1898ರಲ್ಲಿ ಹಾಲೆಂಡಿನ ಮ್ಯುಲರ್, ಫೈತ್, ಫ್ರೌನ್ ಎಂಬ ಮೂವರು ಬರೆದ ಕೈಪಿಡಿಯು ಈ ತತ್ತ್ವವನ್ನು ಶಾಸ್ತ್ರೀಯವಾಗಿ ನಿರೂಪಿಸಿತು. ಪತ್ರವು ಎಲ್ಲಿ, ಯಾವ ಪತ್ರಗಳ ನಡುವೆ ಇತ್ತು ಎಂಬುದೂ ಒಂದು ಸಾಕ್ಷ್ಯವೆಂಬುದು ಇದರ ಸಾರ. ಹಿರಿಯಣ್ಣನ ಪೆಟ್ಟಿಗೆಯಲ್ಲಿ ಸಿಕ್ಕ ವಾಟಣಿಪತ್ರದ ಪ್ರತಿಗೂ ಕಿರಿಯ ತಮ್ಮನ ಮನೆಯಲ್ಲಿ ಸಿಕ್ಕ ಪ್ರತಿಗೂ ಅರ್ಥಭೇದವಿದೆ. ಎರಡನ್ನೂ ಕೂಡಿಸಿ ‘ವಾಟಣಿಪತ್ರಗಳು’ ಎಂಬ ಒಂದೇ ಕಟ್ಟಿನಲ್ಲಿ ಹಾಕಿದರೆ ಆ ಭೇದ ಅಳಿದುಹೋಗುತ್ತದೆ.

ವ್ಯಕ್ತಿಗಳ ಅಂಕನ

ಪತ್ರಗಳ ಸಂಖ್ಯೆ ಬೇರೆ, ವ್ಯಕ್ತಿಗಳ ಸಂಖ್ಯೆ ಬೇರೆ. ವ್ಯಕ್ತಿಗಳನ್ನು ಎರಡು ದಿಕ್ಕಿನಿಂದ ಎಣಿಸಬಹುದು: ಇಂದಿನವನಿಂದ ಹಿಂದಕ್ಕೆ, ಇಲ್ಲವೆ ಮೂಲಪುರುಷನಿಂದ ಮುಂದಕ್ಕೆ.

ಹಿಂದಕ್ಕೆ ಎಣಿಸುವ ಕ್ರಮವನ್ನು 1590ರಲ್ಲಿ ಕೊಲೋನ್ ನಗರದಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಆಸ್ಟ್ರಿಯಾದ ಮಿಖಾಯೆಲ್ ಐಟ್ಸಿಂಗರ್ ಬಳಸಿದನು. 1676ರಲ್ಲಿ ಸ್ಪೇನಿನ ಪಾದ್ರಿ ಜೆರೋನಿಮೊ ದೆ ಸೋಸಾ ಅದನ್ನು ಅನುಸರಿಸಿದನು. 1898ರಲ್ಲಿ, ಮೇಲೆ ಹೇಳಿದ ಡಚ್ ಕೈಪಿಡಿ ಬಂದ ವರ್ಷದಲ್ಲಿಯೇ, ಜರ್ಮನಿಯ ಸ್ಟೆಫಾನ್ ಕೆಕುಲೆ ಫಾನ್ ಸ್ಟ್ರಾಡೋನಿಟ್ಸ್ ಅದನ್ನು ಪ್ರಚಾರಕ್ಕೆ ತಂದನು. ಈತನು ಬೆಂಜೀನಿನ ರಚನೆಯನ್ನು ವಿವರಿಸಿದ ರಸಾಯನಶಾಸ್ತ್ರಜ್ಞ ಕೆಕುಲೆಯ ಮಗ. ಕ್ರಮ ಅತಿ ಸರಳ. ಯಾರ ವಂಶವನ್ನು ಹುಡುಕಬೇಕೋ ಅವರ ಸಂಖ್ಯೆ 1. ಯಾವ ವ್ಯಕ್ತಿಯ ಸಂಖ್ಯೆಯನ್ನಾದರೂ ಇಮ್ಮಡಿಸಿದರೆ ತಂದೆಯ ಸಂಖ್ಯೆ. ಅದಕ್ಕೆ ಒಂದು ಕೂಡಿಸಿದರೆ ತಾಯಿಯ ಸಂಖ್ಯೆ. ತಂದೆ 2, ತಾಯಿ 3. ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಂದೆ 6, ತಾಯಿಯ ತಾಯಿ 7. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ತಲೆಮಾರಿನಲ್ಲಿಯೇ 1,024 ಸ್ಥಾನಗಳಾಗುತ್ತವೆ.

ಕನ್ನಡನಾಡಿನ ಮನೆತನಗಳಿಗೆ ಈ ಕ್ರಮವನ್ನು ಅನ್ವಯಿಸಿದಾಗ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. ತಂದೆಯು ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದರೆ ತಾಯಿಯ ತಾಯಿಯಾದ 7ನೆಯವಳು ತಂದೆಯ ಅಕ್ಕನೇ ಆಗುತ್ತಾಳೆ. ಆಗ ಅವಳ ತಂದೆತಾಯಿಗಳಾದ 14 ಮತ್ತು 15ನೆಯ ಸ್ಥಾನದವರು 4 ಮತ್ತು 5ನೆಯವರೇ. ತಂದೆಯು ತನ್ನ ಸೋದರಮಾವನ ಮಗಳನ್ನು ಮದುವೆಯಾಗಿದ್ದರೆ 5ನೆಯವಳೂ 6ನೆಯವನೂ ಒಡಹುಟ್ಟಿದವರು. ಆದಕಾರಣ 10, 11ನೆಯವರೂ 12, 13ನೆಯವರೂ ಒಂದೇ ದಂಪತಿಗಳು. ಒಬ್ಬರೇ ವ್ಯಕ್ತಿ ಎರಡು ಸಂಖ್ಯೆಗಳನ್ನು ಪಡೆಯುವುದು ಇಲ್ಲಿ ದೋಷವಲ್ಲ. ಮನೆತನಗಳು ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ಅದು ತೋರಿಸುತ್ತದೆ. ಚಿಕ್ಕ ಸಂಖ್ಯೆಯನ್ನು ಉಳಿಸಿಕೊಂಡು ದೊಡ್ಡ ಸಂಖ್ಯೆಯ ಎದುರಿಗೆ ಅದನ್ನು ನೋಡಬೇಕೆಂದು ಸೂಚಿಸಿದರೆ ಗೊಂದಲ ತಪ್ಪುತ್ತದೆ.

ಈ ಕ್ರಮದ ಇನ್ನೊಂದು ಗುಣವೆಂದರೆ ಇದರಲ್ಲಿ ತಾಯಿಗೂ ತಂದೆಯಷ್ಟೇ ಖಚಿತವಾದ ಸ್ಥಾನವಿದೆ. ವತನದ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಾರದಿರಬಹುದು. ಇಲ್ಲಿ 3, 5, 7ನೆಯ ಸ್ಥಾನಗಳು ಖಾಲಿ ಉಳಿದರೆ ಆ ಖಾಲಿತನವೇ ಕಣ್ಣಿಗೆ ಹೊಡೆದು ತೋರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕದ ಕಾಯಿದೆ 1994ರಲ್ಲಿಯೂ ಇಡೀ ದೇಶದ ಕಾಯಿದೆ 2005ರಲ್ಲಿಯೂ ಒಪ್ಪಿಕೊಂಡಿವೆ. ವಂಶಾವಳಿಯು ಅವರ ಹೆಸರನ್ನು ಬಿಡುವುದಕ್ಕೆ ಇನ್ನು ಯಾವ ನೆಪವೂ ಉಳಿದಿಲ್ಲ.

ಮೂಲಪುರುಷನಿಂದ ಮುಂದಕ್ಕೆ ಎಣಿಸುವ ಕ್ರಮಗಳು ಅನಂತರದವು. ಅಮೆರಿಕದ ಬಾಸ್ಟನ್ನಿನ ವಂಶೇತಿಹಾಸ ಪತ್ರಿಕೆಯೊಂದು 1870ರಲ್ಲಿ ಒಂದು ಕ್ರಮವನ್ನು ಬಳಕೆಗೆ ತಂದಿತು. 1935ರಲ್ಲಿ ಅಮೆರಿಕದ ಅಧ್ಯಕ್ಷರ ಮನೆತನಗಳ ಕುರಿತು ಬರೆದ ಹೆನ್ರಿಯೂ 1940ರಲ್ಲಿ ಫ್ರಾನ್ಸಿನ ದಾಬೋವಿಲ್ಲನೂ ಬೇರೆ ಬೇರೆ ಕ್ರಮಗಳನ್ನು ರೂಪಿಸಿದರು. ದಾಬೋವಿಲ್ಲನದು ಬಿಂದುಗಳಿಂದ ಬೇರ್ಪಡಿಸಿದ ಅಂಕಿಗಳ ಕ್ರಮ: ಮೂಲಪುರುಷ 1, ಆತನ ಮೂರನೆಯ ಮಗು 1.3, ಆ ಮಗುವಿನ ಎರಡನೆಯ ಮಗು 1.3.2. ಎಷ್ಟು ಅಂಕಿಗಳಿವೆಯೋ ಅಷ್ಟನೆಯ ತಲೆಮಾರು. ಕೊನೆಯ ಅಂಕಿಯನ್ನು ತೆಗೆದರೆ ತಂದೆಯ ಅಥವಾ ತಾಯಿಯ ಸಂಖ್ಯೆ. ಹೆಳವರು ಬಾಯಲ್ಲಿ ಹೇಳುವ ಕವಲುಗಳನ್ನು ಕಾಗದದ ಮೇಲೆ ಇಳಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಕ್ರಮ ಬೇರೊಂದಿಲ್ಲ. ದತ್ತಕ ಹೋದವನಿಗೆ ಹುಟ್ಟಿದ ಮನೆಯ ಸಂಖ್ಯೆ, ಸೇರಿದ ಮನೆಯ ಸಂಖ್ಯೆ ಎರಡನ್ನೂ ಬರೆದು, ಎರಡನೆಯದರ ಮುಂದೆ ‘ದ’ ಎಂಬ ಗುರುತು ಹಾಕಬೇಕು.

ಈ ಸಂಖ್ಯೆಗಳನ್ನು ಪತ್ರಗಳ ಮೇಲೆ ಮಾತ್ರ ಬರೆಯಬಾರದು. ಬಾಲ್ಯದಲ್ಲಿಯೇ ತೀರಿಕೊಂಡ ಮಗುವೊಂದರ ಹೆಸರು ಹಳೆಯ ಜಾತಕದಿಂದ ಹೊರಬಿದ್ದರೆ 1.3 ಎಂದಿದ್ದವನು 1.4 ಆಗುತ್ತಾನೆ; ಅವನ ಸಂತಾನದ ಅಂಕಿಗಳೆಲ್ಲ ಬದಲಾಗುತ್ತವೆ. ಅಲ್ಲದೆ ಒಂದು ವಾಟಣಿಪತ್ರದಲ್ಲಿ ಹತ್ತು ಜನರ ಹೆಸರುಗಳಿರಬಹುದು. ಅದನ್ನು ಯಾರ ಕಡತದಲ್ಲಿ ಸೇರಿಸಬೇಕು? ಪತ್ರಕ್ಕೆ ಅದರದೇ ಆದ ಸಂಖ್ಯೆಯಿದ್ದು, ವ್ಯಕ್ತಿಯ ಹಾಳೆಯಲ್ಲಿ ಆ ಪತ್ರದ ಸಂಖ್ಯೆಯನ್ನು ನಮೂದಿಸಿದರೆ ಈ ಸಮಸ್ಯೆಯೇ ಏಳುವುದಿಲ್ಲ.

ಅನುಸರಿಸಬೇಕಾದ ಕ್ರಮ

ಗಂಟನ್ನು ಬಿಚ್ಚುವ ಮೊದಲೇ ಅದು ಯಾರ ಮನೆಯದು, ಯಾವ ಪೆಟ್ಟಿಗೆಯದು, ಯಾರು ಕೊಟ್ಟರು, ಯಾವ ದಿನ ಎಂಬುದನ್ನು ಬರೆದುಕೊಳ್ಳಬೇಕು. ಪ್ರತಿ ಗಂಟಿಗೂ ಅ, ಆ, ಇ ಎಂದು ಒಂದು ಅಕ್ಷರವನ್ನು ಕೊಡಬೇಕು. ಗಂಟಿನೊಳಗಿನ ಪತ್ರಗಳಿಗೆ, ಅವು ಇದ್ದ ಅನುಕ್ರಮದಲ್ಲಿಯೇ, 1ರಿಂದ ಸಂಖ್ಯೆ ಹಾಕಬೇಕು. ‘ಆ 37’ ಎಂದರೆ ಎರಡನೆಯ ಗಂಟಿನ ಮೂವತ್ತೇಳನೆಯ ಪತ್ರ. ತಡವಾಗಿ ಸಿಕ್ಕ ಪತ್ರವನ್ನು ನಡುವೆ ತುರುಕದೆ ಕೊನೆಯ ಸಂಖ್ಯೆಯ ಮುಂದೆ ಸೇರಿಸಬೇಕು. ಒಂದು ಪತ್ರಕ್ಕೆ ಹಲವು ಹಾಳೆಗಳಿದ್ದರೆ ‘ಆ 37/1’, ‘ಆ 37/2’ ಎಂದು ಬರೆಯಬೇಕು. ಬರೆಯುವುದು ಮೆದು ಸೀಸದ ಕಡ್ಡಿಯಿಂದ, ಹಿಂಬದಿಯ ಮೂಲೆಯಲ್ಲಿ, ಹಗುರವಾಗಿ. ಶಾಯಿ, ಅಂಟುಚೀಟಿ, ಗುಂಡುಸೂಜಿ, ಪಾರದರ್ಶಕ ಅಂಟುಪಟ್ಟಿಗಳು ಕಾಲಾಂತರದಲ್ಲಿ ಕಾಗದವನ್ನೇ ತಿನ್ನುತ್ತವೆ.

ಇದರೊಡನೆ ಒಂದು ವಹಿ ಇರಬೇಕು. ಅದರಲ್ಲಿ ಪತ್ರದ ಸಂಖ್ಯೆ, ಬಗೆ, ಭಾಷೆ ಮತ್ತು ಲಿಪಿ, ಪತ್ರದಲ್ಲಿರುವಂತೆಯೇ ಮಿತಿ, ಅದಕ್ಕೆ ಸಮನಾದ ಕ್ರಿಸ್ತಶಕದ ದಿನಾಂಕ, ಬರೆದವರು, ಬರೆಸಿಕೊಂಡವರು, ಸಾಕ್ಷಿಗಳು, ಊರುಗಳು, ಎರಡು ಸಾಲಿನ ಸಾರಾಂಶ ಇವಿಷ್ಟು ಅಂಕಣಗಳು ಸಾಕು. ಮಿತಿಯ ವಿಷಯದಲ್ಲಿ ಎಚ್ಚರ ಅಗತ್ಯ. ಶಕವರ್ಷಕ್ಕೆ 78 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ಬರುತ್ತದೆ. ದಕ್ಷಿಣದ ಫಸಲಿಗೆ 590 ಕೂಡಿಸಬೇಕು. ಪತ್ರದಲ್ಲಿ ಸಂವತ್ಸರದ ಹೆಸರು ಮಾತ್ರವಿದ್ದರೆ ತೊಡಕು ಹೆಚ್ಚು. ವಿಕಾರಿ ಸಂವತ್ಸರವು 1839ರಲ್ಲಿಯೂ 1899ರಲ್ಲಿಯೂ 1959ರಲ್ಲಿಯೂ ಆರಂಭವಾಯಿತು. ಅಜ್ಜನ ಹೆಸರೇ ಮೊಮ್ಮಗನಿಗೂ ಇರುವ ಮನೆಯಲ್ಲಿ ಅರುವತ್ತು ವರ್ಷಗಳ ಈ ಚಕ್ರವು ಎಂಥ ಭ್ರಾಂತಿಯನ್ನು ಹುಟ್ಟಿಸಬಲ್ಲುದೆಂಬುದು ಸ್ಪಷ್ಟ. ಇಂಥಲ್ಲಿ ಸಾಕ್ಷಿಗಳ ಹೆಸರು, ಮುದ್ರೆಕಾಗದದ ಬೆಲೆ ಮತ್ತು ಮುದ್ರೆ, ನಾಣ್ಯದ ಹೆಸರು, ಇವು ನಿರ್ಣಯಕ್ಕೆ ನೆರವಾಗುತ್ತವೆ. ನಿರ್ಣಯವಾಗದಿದ್ದರೆ ಎರಡು ವರ್ಷಗಳನ್ನೂ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಲೇಸು. ಊಹೆಯನ್ನು ನಿಶ್ಚಯವೆಂಬಂತೆ ಬರೆದರೆ ಮುಂದಿನವರು ಅದನ್ನೇ ಪ್ರಮಾಣವೆಂದು ಹಿಡಿಯುತ್ತಾರೆ.

ಮೂರನೆಯದಾಗಿ, ಪ್ರತಿ ವ್ಯಕ್ತಿಗೂ ಒಂದು ಹಾಳೆ. ಅದರ ತಲೆಯಲ್ಲಿ ವಂಶಸಂಖ್ಯೆ ಮತ್ತು ಹೆಸರು. ಕೆಳಗೆ ಜನನ, ವಿವಾಹ, ಮರಣ, ವೃತ್ತಿ, ಸ್ಥಳಗಳು. ಪ್ರತಿ ಹೇಳಿಕೆಯ ಎದುರಿಗೂ ಆಧಾರಪತ್ರದ ಸಂಖ್ಯೆ ಇರಬೇಕು. ಹಿರಿಯರು ಬಾಯಿಂದ ಹೇಳಿದುದಾದರೆ ಹೇಳಿದವರ ಹೆಸರು, ಹೇಳಿದ ದಿನ. ಮನೆತನವು ಗುಡಿಗೋ ಮಠಕ್ಕೋ ನಡೆದುಕೊಳ್ಳುತ್ತಿದ್ದರೆ ಅಲ್ಲಿಯ ಕಾಣಿಕೆಯ ಲೆಕ್ಕಗಳೂ ದಾಸೋಹದ ವಹಿಗಳೂ ಪತ್ರಗಳಷ್ಟೇ ಉಪಯುಕ್ತ. ವಹಿಯ ಒಂದು ಪ್ರತಿ ಇನ್ನೊಂದು ಮನೆಯಲ್ಲಿರಬೇಕು. ಬೆಂಕಿ, ಮಳೆ, ಗೆದ್ದಲುಗಳು ಎರಡು ಮನೆಗಳಿಗೆ ಒಮ್ಮೆಗೆ ಬರುವುದು ಅಪರೂಪ. ಪತ್ರಗಳ ನಡುವೆ ಬಜೆಯನ್ನೋ ಒಣಗಿದ ಬೇವಿನ ಎಲೆಯನ್ನೋ ಇಡುವ ಹಿರಿಯರ ರೂಢಿ ಒಳ್ಳೆಯದೇ ಆದರೂ, ಮಳೆಗಾಲ ಕಳೆದ ಮೇಲೆ ಗಂಟುಗಳನ್ನು ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರವುವುದು ಅದಕ್ಕಿಂತ ಮೇಲಾದ ರಕ್ಷಣೆ.

ಮನೆತನದ ಚರಿತ್ರೆಯೆಂದರೆ ಹಿರಿಯರ ಹಿರಿಮೆಯನ್ನು ಹೊಗಳುವ ಗ್ರಂಥವೆಂದು ಭಾವಿಸುವವರಿದ್ದಾರೆ. ಕ್ರಮವಾಗಿ ಜೋಡಿಸಿದ ಪತ್ರಗಳು ಆ ಭಾವನೆಯನ್ನು ಬೇಗನೆ ತಿದ್ದುತ್ತವೆ. ದಾನಪತ್ರದ ಪಕ್ಕದಲ್ಲಿಯೇ ಅಡವಿನ ಪತ್ರ ಇರುತ್ತದೆ. ವಾಟಣಿಪತ್ರದಲ್ಲಿ ಅಣ್ಣತಮ್ಮಂದಿರ ಕಲಹದ ಗುರುತಿರುತ್ತದೆ. ಬರಗಾಲದ ವರ್ಷ ಹೊಲ ಮಾರಿದ ಕ್ರಯಪತ್ರ ಇರುತ್ತದೆ. ಯಾವುದನ್ನೂ ಮರೆಮಾಚದೆ, ಯಾವುದನ್ನೂ ಸೇರಿಸದೆ, ಇದ್ದುದನ್ನು ಇದ್ದಂತೆ ಎಣಿಸಿಡುವುದು ಸತ್ಯಕ್ಕೆ ಸಲ್ಲಿಸುವ ಸೇವೆ. ಅರ್ಥ ಹೇಳುವ ಕೆಲಸ ಮುಂದಿನ ತಲೆಮಾರಿನದು. ಓಲೆಯ ಗರಿಗೆ ಅಂಕಿ ಹಾಕಿದ ಹಳೆಯ ಲಿಪಿಕಾರನು ತನ್ನ ಪ್ರತಿಯನ್ನು ಯಾರು ಓದುವರೆಂದು ತಿಳಿದಿರಲಿಲ್ಲ. ಆದರೆ ಗರಿಗಳು ಚದರಿದ ದಿನ ಅವುಗಳನ್ನು ಕೂಡಿಸುವವನಿಗೆ ಬೇಕಾದುದನ್ನು ಆತ ಬಿಟ್ಟುಹೋಗಿದ್ದನು. ಮನೆಯ ಅಟ್ಟದ ಮೇಲೆ ಗಂಟು ಇರುವ ಪ್ರತಿಯೊಬ್ಬರ ಹೊಣೆಯೂ ಇಷ್ಟೇ.